ಡವ್‌ಟೇಲ್ ಜಿಗ್: ಜೋಡಣೆ ಕೂರದಿದ್ದರೆ ಎಲ್ಲಿ ಹುಡುಕಬೇಕು

ಡ್ರಾಯರ್ ಮಾಡೋಣ ಅಂತ ರೌಟರ್ (ಬಿಟ್ ತಿರುಗಿಸಿ ಮರ ಕೊರೆಯುವ ಯಂತ್ರ) ಜೊತೆ ಡವ್‌ಟೇಲ್ ಜಿಗ್ (ಪಾರಿವಾಳದ ಬಾಲದಂಥ ಹಲ್ಲಿನ ಜೋಡಣೆ ಕತ್ತರಿಸಲು ಹಲಗೆ ಹಿಡಿಯುವ ಸಾಧನ) ತಂದವರು ಮೊದಲ ದಿನ ಸಾಮಾನ್ಯವಾಗಿ ಮಾಡುವುದು ಒಂದೇ. ಜೋಡಣೆ ಕೂರಲಿಲ್ಲ, ಕೈಗೆ ಸಿಕ್ಕಿದ ಸ್ಕ್ರೂ ತಿರುಗಿಸುತ್ತಾರೆ. ಆಗಲೂ ಕೂರಲಿಲ್ಲ, ಇನ್ನೊಂದು ತಿರುಗಿಸುತ್ತಾರೆ. ಸಂಜೆ ಹೊತ್ತಿಗೆ ಎಲ್ಲಾ ಅಳತೆಯೂ ತಪ್ಪಿರುತ್ತದೆ, ಮೊದಲು ಯಾವುದು ಸರಿ ಇತ್ತು ಅನ್ನೋದೂ ನೆನಪಿರುವುದಿಲ್ಲ. ಜಿಗ್ ಅಟ್ಟ ಸೇರುತ್ತದೆ, ಡ್ರಾಯರ್‌ಗೆ ಮೊಳೆ ಬೀಳುತ್ತದೆ.

ನಿಜ ಹೇಳಬೇಕೆಂದರೆ ಈ ಜಿಗ್‌ನಲ್ಲಿ ಹೊಂದಿಸುವ ಜಾಗ ಇರುವುದು ಮೂರೇ. ಬಿಟ್‌ನ ಆಳ, ಟೆಂಪ್ಲೇಟ್‌ನ (ರೌಟರ್‌ಗೆ ದಾರಿ ತೋರಿಸುವ, ಬೆರಳು ಬೆರಳಾಗಿರುವ ಪಟ್ಟಿ) ಹಿಂದೆ ಮುಂದೆ, ಪಕ್ಕದ ಸ್ಟಾಪ್ (ಹಲಗೆಯ ಅಂಚು ತಾಗಿ ನಿಲ್ಲುವ ತಡೆ). ಒಂದೊಂದಕ್ಕೂ ಅದರದ್ದೇ ಲಕ್ಷಣ ಇದೆ. ಸಡಿಲ-ಬಿಗಿ ಎಂದರೆ ಆಳ. ಪಕ್ಕದ ಹಲಗೆ ಹೊರಗೆ ಚಾಚಿದರೆ ಅಥವಾ ಒಳಗೆ ಹೋದರೆ ಟೆಂಪ್ಲೇಟ್. ಎರಡು ಹಲಗೆಯ ಅಂಚು ಮೇಲೆ ಕೆಳಗೆ ಆದರೆ ಸ್ಟಾಪ್. ಇಷ್ಟು ಗೊತ್ತಿದ್ದರೂ ಜನ ಒದ್ದಾಡುವುದು ಯಾಕೆಂದರೆ, ಅರ್ಧಕ್ಕರ್ಧ ದೋಷ ಈ ಮೂರರಲ್ಲಿ ಇರುವುದೇ ಇಲ್ಲ.

ಇಲ್ಲಿ ನಾನು ಹೇಳುವುದು ಮುಂಭಾಗದಿಂದ ಕಾಣದ, ಅರ್ಧ ಮುಚ್ಚಿದ ಡವ್‌ಟೇಲ್ ಬಗ್ಗೆ. ಜಿಗ್ 12 ಇಂಚಿನದು. ಬಿಟ್ ಅರ್ಧ ಇಂಚಿನದು, ಅಂದರೆ 12.7 ಮಿ.ಮೀ., ಓರೆ 14 ಡಿಗ್ರಿ. ಗೈಡ್ ಬುಷ್ (ರೌಟರ್ ತಳದಲ್ಲಿ ಬಿಟ್‌ನ ಸುತ್ತ ಕೂತು ಟೆಂಪ್ಲೇಟ್‌ಗೆ ಒರಗಿ ಓಡುವ ಉಂಗುರ) 7/16 ಇಂಚು, ಅಂದರೆ 11.1 ಮಿ.ಮೀ. ಟೆಂಪ್ಲೇಟ್‌ನ ಒಂದು ಬೆರಳಿಂದ ಇನ್ನೊಂದು ಬೆರಳಿಗೆ 7/8 ಇಂಚು. ಎರಡೂ ಹಲಗೆ ಒಟ್ಟಿಗೇ ಕತ್ತರಿಸುತ್ತೇವೆ. ಡ್ರಾಯರ್‌ನ ಪಕ್ಕದ ಹಲಗೆ ಮುಂದೆ ನಿಂತಿರುತ್ತದೆ, ಅದರಲ್ಲಿ ಬಾಲ ಬರುತ್ತದೆ. ಮುಂಬದಿ ಹಲಗೆ ಮೇಲೆ ಮಲಗಿರುತ್ತದೆ, ಅದರಲ್ಲಿ ಬಾಲ ಕೂರುವ ಗುಳಿ ಬರುತ್ತದೆ. ನಿಮ್ಮ ಜಿಗ್‌ನ ಅಳತೆ ಬೇರೆ ಇದ್ದರೆ ಅಂಕಿ ಬದಲಾಗುತ್ತದೆ, ತರ್ಕ ಬದಲಾಗುವುದಿಲ್ಲ.

ಮೊದಲು ಏನೂ ಮುಟ್ಟಬೇಡಿ

ಜೋಡಣೆ ಕೆಟ್ಟು ಬಂತು. ಯಾವ ಸ್ಕ್ರೂಗೂ ಕೈ ಹಾಕದೆ, ಅದೇ ಮರದ ಇನ್ನೆರಡು ತುಂಡು ಕಟ್ಟಿ ಮತ್ತೆ ಕತ್ತರಿಸಿ. ಈಗ ಎರಡೂ ಜೋಡಣೆ ಪಕ್ಕದಲ್ಲಿಟ್ಟು ನೋಡಿ.

ತಪ್ಪು ಎರಡರಲ್ಲೂ ಒಂದೇ ಥರ ಇದ್ದರೆ ಅದು ಹೊಂದಿಕೆಯ ತಪ್ಪು. ಸ್ಕ್ರೂ ತಿರುಗಿಸಿದರೆ ಸರಿಹೋಗುತ್ತದೆ. ಎರಡರಲ್ಲಿ ಬೇರೆ ಬೇರೆ ಇದ್ದರೆ ಏನೋ ಒಂದು ಅಲುಗಾಡುತ್ತಿದೆ ಅಂತ ಅರ್ಥ. ಅದನ್ನು ಹುಡುಕುವವರೆಗೆ ಸ್ಕ್ರೂ ತಿರುಗಿಸಿ ಪ್ರಯೋಜನ ಇಲ್ಲ. ಇನ್ನೂ ಎರಡು ಸುಳಿವು ಇವೆ. ಕತ್ತರಿಸುತ್ತಾ ಹೋದಂತೆ ತಪ್ಪು ಒಂದೇ ದಿಕ್ಕಿಗೆ ಬೆಳೆಯುತ್ತಿದ್ದರೆ ಬಿಟ್ ಜಾರುತ್ತಿದೆ. ಪ್ರತಿ ಸಲ ಅದೇ ಬೆರಳಿನ ಕೆಳಗೆ ಅದೇ ಗುರುತು ಬರುತ್ತಿದ್ದರೆ ಟೆಂಪ್ಲೇಟ್‌ಗೇ ಪೆಟ್ಟು ಬಿದ್ದಿದೆ. ಬೆರಳಿನ ಅಂಚಿನ ಮೇಲೆ ಉಗುರು ಆಡಿಸಿದರೆ ಸಿಗುತ್ತದೆ.

ಪರೀಕ್ಷೆಯ ತುಂಡುಗಳ ವಿಷಯದಲ್ಲಿ ಜಿಪುಣತನ ಬೇಡ. ಡ್ರಾಯರ್ ರಬ್ಬರ್ ಮರದ್ದಾದರೆ ಪರೀಕ್ಷೆಯೂ ರಬ್ಬರ್ ಮರದಲ್ಲೇ ಆಗಬೇಕು, ಅದೇ ದಪ್ಪದಲ್ಲಿ. ಮೂಲೆಯಲ್ಲಿ ಬಿದ್ದಿರುವ ಪ್ಲೈವುಡ್ ಚೂರಲ್ಲಿ ಹೊಂದಿಸಿ ಆಮೇಲೆ ತೇಗಕ್ಕೆ ಹೋದರೆ ಮತ್ತೆ ಮೊದಲಿನಿಂದ ಶುರು. ಪ್ರತಿ ತುಂಡಿನ ಮೇಲೆ ಪೆನ್ಸಿಲಿನಲ್ಲಿ ಕ್ರಮಸಂಖ್ಯೆ ಹಾಕಿ, ಏನು ಬದಲಿಸಿದಿರಿ ಅಂತಲೂ ಬರೆದಿಡಿ.

ಬಿಟ್, ಬುಷ್, ಕೋಲೆಟ್

ಸ್ಕ್ರೂ ತಿರುಗಿಸಿ ಸರಿಪಡಿಸಲಾಗದ ದೋಷ ಇದ್ದರೆ ಜಾಸ್ತಿ ಇಲ್ಲೇ ಇರುತ್ತದೆ. ನಮ್ಮ ಅಂಗಡಿಗಳಲ್ಲಿ ಇಂಚಿನ ಮಾಲೂ ಮಿಲಿಮೀಟರಿನ ಮಾಲೂ ಒಂದೇ ಡಬ್ಬದಲ್ಲಿ ಸಿಗುತ್ತದೆ. ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ, ಜೋಡಣೆಗೆ ಕಾಣುತ್ತದೆ.

11.1 ಮಿ.ಮೀ. ಬುಷ್ ಸಿಗಲಿಲ್ಲ ಅಂತ 10 ಮಿ.ಮೀ. ಬುಷ್ ಹಾಕಿದಿರಿ ಅಂದುಕೊಳ್ಳಿ. ಬುಷ್ ಟೆಂಪ್ಲೇಟ್ ಸಂದಿಯಲ್ಲಿ 1.1 ಮಿ.ಮೀ. ಜಾಸ್ತಿ ಓಡಾಡುತ್ತದೆ. ಗುಳಿ ಅಷ್ಟು ಅಗಲ ಆಗುತ್ತದೆ, ಬಾಲ ಅಷ್ಟೇ ಸಣ್ಣ ಆಗುತ್ತದೆ. ಒಟ್ಟು ಸಡಿಲ 2.2 ಮಿ.ಮೀ. ಇದನ್ನು ಬಿಟ್ ಇಳಿಸಿ ತುಂಬಿಸಬೇಕೆಂದರೆ 4 ಮಿ.ಮೀ.ಗಿಂತ ಜಾಸ್ತಿ ಇಳಿಸಬೇಕು. ಆಗುವ ಮಾತಲ್ಲ. 12.7ರ ಬದಲು 12 ಮಿ.ಮೀ. ಬಿಟ್ ಹಾಕಿದರೆ ಇದರ ಉಲ್ಟಾ, ಬಾಲ ಗುಳಿಯೊಳಗೆ ಹೋಗುವುದೇ ಇಲ್ಲ. 14 ಡಿಗ್ರಿ ಕೇಳುವ ಟೆಂಪ್ಲೇಟ್‌ಗೆ 8 ಡಿಗ್ರಿ ಬಿಟ್ ಹಾಕಿದರೆ ಮತ್ತೆ ಸಡಿಲ. ಹಾಗಾಗಿ ವರ್ನಿಯರ್ ಕ್ಯಾಲಿಪರ್ ತೆಗೆದು ಬಿಟ್‌ನ ತುದಿಯ ಅಗಲ, ಬುಷ್‌ನ ಹೊರ ಅಗಲ ಅಳೆದು ನೋಡಿ. ಡಬ್ಬದ ಮೇಲೆ ಬರೆದದ್ದನ್ನು ನಂಬಬೇಡಿ. ಸಾಣೆ ಹಿಡಿಸಿದ ಬಿಟ್ ಕೂಡ ಸಣ್ಣ ಆಗಿರುತ್ತದೆ. 0.3 ಮಿ.ಮೀ. ಸವೆದಿದ್ದರೆ ಜೋಡಣೆ 0.6 ಮಿ.ಮೀ. ಬಿಗಿ ಬರುತ್ತದೆ, ಆಳ ಸುಮಾರು 1.2 ಮಿ.ಮೀ. ಕಡಿಮೆ ಮಾಡಬೇಕಾಗುತ್ತದೆ.

ಕೋಲೆಟ್, ಅಂದರೆ ರೌಟರ್‌ನಲ್ಲಿ ಬಿಟ್‌ನ ಕಡ್ಡಿ ಹಿಡಿಯುವ ಕೊಳವೆ, ಅದರದ್ದು ಬೇರೆಯೇ ಕಥೆ. ಸಣ್ಣ ಟ್ರಿಮ್ಮರ್‌ಗಳಿಗೆ 6 ಮಿ.ಮೀ. ಕೋಲೆಟ್ ಇದೆ, ಕಾಲು ಇಂಚಿನದೂ ಇದೆ, ಅದು 6.35 ಮಿ.ಮೀ. ಕಾಲು ಇಂಚಿನ ಕೋಲೆಟ್‌ನೊಳಗೆ 6 ಮಿ.ಮೀ. ಬಿಟ್ ಸಲೀಸಾಗಿ ಹೋಗುತ್ತದೆ, ನಟ್ ಬಿಗಿದರೆ ಹಿಡಿದಂತೆಯೂ ಕಾಣುತ್ತದೆ. ಮರಕ್ಕೆ ತಾಗಿದಾಗ ನಿಧಾನಕ್ಕೆ ಜಾರಿ ಹೊರಗೆ ಬರುತ್ತದೆ. ದೊಡ್ಡ ರೌಟರ್‌ಗಳಲ್ಲಿ 12 ಮತ್ತು 12.7ರದ್ದೂ ಇದೇ ಪಾಡು. ಇದು ಬರೀ ಜೋಡಣೆ ಕೆಡುವ ಮಾತಲ್ಲ, ತಿರುಗುವ ಬಿಟ್ ಕಳಚಿದರೆ ಜೀವಕ್ಕೆ ಅಪಾಯ.

ಸಡಿಲ ಬಂದರೆ ಇಳಿಸಿ, ಬಿಗಿ ಬಂದರೆ ಏರಿಸಿ

ಕೇಳಿದವರಿಗೆ ಇದು ಉಲ್ಟಾ ಅನ್ನಿಸುತ್ತದೆ. ಸಡಿಲ ಇದೆ ಎಂದರೆ ಜಾಸ್ತಿ ಮರ ಹೋಗಿದೆ, ಇನ್ನೂ ಆಳಕ್ಕೆ ಇಳಿಸಿದರೆ ಇನ್ನೂ ಸಡಿಲ ಆಗಲ್ವಾ?

ಆಗುವುದಿಲ್ಲ. ಬಿಟ್‌ನ ಆಕಾರ ನೋಡಿ, ತುದಿಯಲ್ಲಿ ಅಗಲ, ಮೇಲೆ ಹೋದಂತೆ ಕಿರಿದು. ಎಷ್ಟೇ ಇಳಿಸಿದರೂ ಗುಳಿಯ ತಳದ ಅಗಲ ಅಷ್ಟೇ ಇರುತ್ತದೆ, ಯಾಕೆಂದರೆ ತಳ ಕತ್ತರಿಸುವುದು ಬಿಟ್‌ನ ತುದಿ. ಆದರೆ ನಿಂತ ಹಲಗೆಯಲ್ಲಿ ಬಾಲದ ತುದಿ ಎಷ್ಟು ಅಗಲ ಉಳಿಯುತ್ತದೆ ಅನ್ನುವುದನ್ನು ತೀರ್ಮಾನಿಸುವುದು ಹಲಗೆಯ ಮೇಲಂಚಿನ ಮಟ್ಟದಲ್ಲಿ ಬಿಟ್ ಎಷ್ಟು ದಪ್ಪ ಇದೆ ಅನ್ನೋದು. ಬಿಟ್ ಇಳಿದಷ್ಟೂ ಆ ಮಟ್ಟಕ್ಕೆ ಅದರ ಕಿರಿದಾದ ಭಾಗ ಬರುತ್ತದೆ, ಬಾಲದ ತುದಿ ಅಗಲವಾಗುತ್ತದೆ. ಗುಳಿ ಅಷ್ಟೇ, ಬಾಲ ದಪ್ಪ. ಅದಕ್ಕೇ ಬಿಗಿ.

14 ಡಿಗ್ರಿ ಬಿಟ್‌ಗೆ ಲೆಕ್ಕ ಸುಲಭ. ಆಳ ಎಷ್ಟು ಬದಲಿಸುತ್ತೀರೋ ಬಿಗಿ ಅದರ ಅರ್ಧದಷ್ಟು ಬದಲಾಗುತ್ತದೆ. ಅರ್ಧ ಮಿ.ಮೀ. ಇಳಿಸಿದರೆ ಕಾಲು ಮಿ.ಮೀ. ಬಿಗಿ. ಸಡಿಲ ಎಷ್ಟಿದೆ ಅಂತ ಅಳೆಯಲು ಝೆರಾಕ್ಸ್ ಹಾಳೆ ಸಾಕು, ಅದರ ದಪ್ಪ ಸುಮಾರು 0.1 ಮಿ.ಮೀ. ಬಾಲದ ಓರೆಗೆ ಒಂದು ಹಾಳೆ ಸೇರಿಸಿ ಒತ್ತಿದಾಗ ಜೋಡಣೆ ಗಟ್ಟಿ ಕೂತರೆ ಬಿಟ್ ಇಳಿಸಬೇಕಾದದ್ದು 0.2 ಮಿ.ಮೀ. ಮಾತ್ರ. ಬಡಗಿ ಕೆಲಸದ ಅರ್ಧ ನೂಲಿನ ಲೆಕ್ಕ ಇಲ್ಲಿ ತುಂಬಾ ದೊಡ್ಡದಾಯಿತು. ಅಂದಾಜಿಗೆ ಕಾಲು ಸುತ್ತು ತಿರುಗಿಸುವವರು ಸಡಿಲದಿಂದ ಬಿಗಿಗೆ, ಬಿಗಿಯಿಂದ ಸಡಿಲಕ್ಕೆ ಓಡಾಡುತ್ತಲೇ ಇರುತ್ತಾರೆ.

ಬಿಗಿ ಎಷ್ಟಿರಬೇಕು ಅನ್ನೋದೂ ಮುಖ್ಯ. ಅಂಟು ಹಾಕದೆ ಕೈಯಲ್ಲಿ ಒತ್ತಿದಾಗ ಮುಕ್ಕಾಲು ಭಾಗ ಒಳಗೆ ಹೋಗಬೇಕು, ಉಳಿದದ್ದು ಕೊಡತಿಯ ಒಂದೆರಡು ಹಗುರ ಏಟಿಗೆ ಕೂರಬೇಕು. ಒಣಗಿದ್ದಾಗಲೇ ಜೋರಾಗಿ ಬಡಿಯಬೇಕಾದ ಜೋಡಣೆ ಅಂಟು ಹಚ್ಚಿದ ಮೇಲೆ ಒಳಗೆ ಹೋಗುವುದಿಲ್ಲ. ಬಿಳಿ ಅಂಟಿನಲ್ಲಿ ನೀರಿದೆ, ಮರ ಆ ಕ್ಷಣಕ್ಕೇ ಉಬ್ಬುತ್ತದೆ. ಅರ್ಧಕ್ಕೆ ಸಿಕ್ಕಿಕೊಂಡ ಡ್ರಾಯರನ್ನು ಬಿಚ್ಚುವುದೂ ಕಷ್ಟ, ಕೂರಿಸುವುದೂ ಕಷ್ಟ.

ಆಳ ಬದಲಿಸುವ ಮುಂಚೆ ಪ್ಲಗ್ ಕೀಳಿ. ಇನ್ನೊಂದು ವಿಷಯ ಹಲವರಿಗೆ ತಟ್ಟನೆ ಹೊಳೆಯುವುದಿಲ್ಲ. 12.7 ಮಿ.ಮೀ. ಬಿಟ್ 11.1 ಮಿ.ಮೀ. ಬುಷ್ ಒಳಗೆ ತೂರುವುದಿಲ್ಲ. ಬುಷ್ ಹಾಕಿದ ಮೇಲೆ ಬಿಟ್‌ನ ಹಲ್ಲು ಯಾವಾಗಲೂ ಬುಷ್‌ನ ಕೆಳಗೇ ಇರಬೇಕು. ಪ್ಲಂಜ್ ರೌಟರ್ (ಸ್ಪ್ರಿಂಗ್ ಮೇಲೆ ಒತ್ತಿ ಇಳಿಸುವಂಥದ್ದು) ಆದರೆ ಅದರ ಲಾಕ್ ಬಿಗಿಯಾಗಿ ಹಾಕಿ. ಓಡುವಾಗ ಲಾಕ್ ಬಿಟ್ಟರೆ ಸ್ಪ್ರಿಂಗ್ ಬಿಟ್ಟನ್ನು ಮೇಲಕ್ಕೆ ಎಳೆಯುತ್ತದೆ, ಬುಷ್, ಟೆಂಪ್ಲೇಟ್, ಬಿಟ್ ಮೂರೂ ಒಟ್ಟಿಗೆ ಹೋಗುತ್ತವೆ. ಹಾಗೆಯೇ ರೌಟರ್ ತಿರುಗುತ್ತಿರುವಾಗ ಟೆಂಪ್ಲೇಟ್ ಮೇಲಿಂದ ಎತ್ತಬಾರದು. ನಿಮ್ಮ ಕಡೆಗೆ ಸಮವಾಗಿ ಎಳೆದು ಹೊರಗೆ ತನ್ನಿ, ಸ್ವಿಚ್ ಆರಿಸಿ, ನಿಂತ ಮೇಲೆ ಎತ್ತಿ.

ಹಲಗೆ ಹೊರಗೆ ಚಾಚಿದರೆ, ಒಳಗೆ ಹೋದರೆ

ಬಿಗಿ ಸರಿಯಾಯಿತು. ಈಗ ಜೋಡಿಸಿ ಮೂಲೆಯ ಮೇಲೆ ಬೆರಳು ಸವರಿ. ಪಕ್ಕದ ಹಲಗೆಯ ಮುಖ ಮುಂಬದಿ ಹಲಗೆಯ ತುದಿಗಿಂತ ಹೊರಗೆ ಚಾಚಿದ್ದರೆ ಗುಳಿಯ ಉದ್ದ ಸಾಲದು. ಟೆಂಪ್ಲೇಟನ್ನು ನಿಮ್ಮಿಂದ ದೂರಕ್ಕೆ ಸರಿಸಿ. ಒಳಗೆ ಹೋಗಿದ್ದರೆ ನಿಮ್ಮ ಕಡೆಗೆ ತನ್ನಿ. ಕಂಡ ವ್ಯತ್ಯಾಸವನ್ನೆಲ್ಲ ಒಂದೇ ಸಲಕ್ಕೆ ಸರಿಸಬೇಡಿ, ಅರ್ಧದಷ್ಟು ಸರಿಸಿ ನೋಡಿ. ಟೆಂಪ್ಲೇಟ್ ಸರಿದಾಗ ಗುಳಿಯ ಉದ್ದದ ಜೊತೆಗೆ ಬಾಲದ ಬೆನ್ನಿನ ದುಂಡೂ ಬದಲಾಗುತ್ತದೆ. ಎಡಕ್ಕೂ ಬಲಕ್ಕೂ ಒಂದೇ ಅಳತೆ ಸರಿಸಬೇಕು. ಇಲ್ಲದಿದ್ದರೆ ಟೆಂಪ್ಲೇಟ್ ಓರೆಯಾಗಿ ಜೋಡಣೆ ಒಂದು ತುದಿಯಲ್ಲಿ ಸಮ, ಇನ್ನೊಂದು ತುದಿಯಲ್ಲಿ ಮೆಟ್ಟಿಲು.

ಒಂದು ಡ್ರಾಯರ್‌ನಲ್ಲಿ ಸಮ ಬಂದು ಇನ್ನೊಂದರಲ್ಲಿ ಬರದಿದ್ದರೆ ಜಿಗ್‌ನ ತಪ್ಪಲ್ಲ, ಹಲಗೆಯ ದಪ್ಪದ ತಪ್ಪು. ಗುಳಿಯ ಉದ್ದ ಪಕ್ಕದ ಹಲಗೆಯ ದಪ್ಪಕ್ಕೆ ಹೊಂದಿರುತ್ತದೆ. ಒಂದು ಹಲಗೆ 12 ಮಿ.ಮೀ., ಇನ್ನೊಂದು 12.5 ಇದ್ದರೆ ಯಾವ ಸ್ಕ್ರೂ ಏನು ಮಾಡೀತು? ಎಲ್ಲಾ ಹಲಗೆಗಳನ್ನೂ ಪ್ಲೇನರ್‌ನಲ್ಲಿ ಒಂದೇ ಹೊಂದಿಕೆಯಲ್ಲಿ ತೆಗೆಯಿರಿ, ಪರೀಕ್ಷೆಯ ತುಂಡುಗಳನ್ನೂ ಅವುಗಳ ಜೊತೆಗೇ.

ಅಂಚು ಕೂಡದಿದ್ದರೆ

ಬಾಲ ಗುಳಿಗೆ ಸರಿಯಾಗಿ ಕೂತಿದೆ, ಆದರೆ ಒಂದು ಹಲಗೆಯ ಅಂಚು ಮೇಲೆ, ಇನ್ನೊಂದರದ್ದು ಕೆಳಗೆ. ಇದು ಸ್ಟಾಪ್‌ನ ವಿಷಯ. ಎರಡು ಹಲಗೆಯ ನಡುವೆ ಪಕ್ಕಕ್ಕೆ, ಬೆರಳಿಂದ ಬೆರಳಿಗಿರುವ ದೂರದ ಅರ್ಧದಷ್ಟು ಅಂತರ ಇರಬೇಕು, 7/8 ಇಂಚಿನ ಟೆಂಪ್ಲೇಟ್‌ಗೆ 7/16 ಇಂಚು, ಅಂದರೆ 11.1 ಮಿ.ಮೀ. ಎಷ್ಟು ತಪ್ಪಿದೆಯೋ ಅಷ್ಟೇ ಸ್ಟಾಪ್ ಸರಿಸಿ. ಎಡಗಡೆ ಸ್ಟಾಪ್‌ಗೂ ಬಲಗಡೆ ಸ್ಟಾಪ್‌ಗೂ ಸಂಬಂಧ ಇಲ್ಲ, ಎರಡನ್ನೂ ಬೇರೆ ಬೇರೆ ಪರೀಕ್ಷಿಸಬೇಕು. ಸ್ಟಾಪ್ ಸರಿಸುವ ಮುಂಚೆ ಅದರ ಮೂಲೆಯಲ್ಲಿ ಮರದ ಹುಡಿ ಸಿಕ್ಕಿದೆಯಾ ನೋಡಿ. ಸುಮ್ನೆ ಬ್ರಷ್ ಆಡಿಸಿದರೆ ಮುಗಿಯುವ ಕೆಲಸಕ್ಕೆ ಅಳತೆ ಕೆಡಿಸಿಕೊಳ್ಳುವುದು ಬೇಡ.

ಜೋಡಣೆಯೇ ಉಲ್ಟಾ ಬಂದರೆ, ಅಂದರೆ ಡ್ರಾಯರ್‌ನ ಒಳಮುಖ ಹೊರಗೆ ಬಂದರೆ, ಹಲಗೆ ತಿರುಗಿಸಿ ಕಟ್ಟಿದ್ದೀರಿ. ನಿಂತ ಹಲಗೆಯ ಒಳಮುಖ ನಿಮ್ಮ ಕಡೆ ಇರಬೇಕು, ಮಲಗಿದ ಹಲಗೆಯ ಒಳಮುಖ ಮೇಲೆ ಇರಬೇಕು. ತಳದ ಹಲಗೆ ಕೂರಲು ಗಾಡಿ (ಉದ್ದನೆಯ ಕಾಲುವೆಯಂಥ ಕಡಿತ) ಹೊಡೆದ ಅಂಚು ಯಾವಾಗಲೂ ಸ್ಟಾಪ್‌ಗೆ ತಾಗಿರಬೇಕು. ನಾಲ್ಕು ಮೂಲೆಯಲ್ಲಿ ಎರಡು ಎಡ ಸ್ಟಾಪ್‌ನಲ್ಲಿ, ಎರಡು ಬಲ ಸ್ಟಾಪ್‌ನಲ್ಲಿ ಬರುತ್ತವೆ. ಮೂಲೆಗೆ ಮೂಲೆ ಗುರುತು ಹಾಕಿ, ಒಳಮುಖದ ಮೇಲೇ ಹಾಕಿ, ಕಟ್ಟುವಾಗ ಕಣ್ಣೆದುರಿಗೆ ಇರುತ್ತದೆ.

ಒಂದು ಅಂಚಿನಲ್ಲಿ ಅರ್ಧ ಪಿನ್ (ಗುಳಿಗಳ ನಡುವೆ ಉಳಿಯುವ ಮರ), ಇನ್ನೊಂದು ಅಂಚಿನಲ್ಲಿ ಕಾಗದದಂಥ ಚೂರು ಉಳಿಯುವುದು ಡ್ರಾಯರ್‌ನ ಎತ್ತರದ ತಪ್ಪು. 7/8ರ ಗುಣಕದಲ್ಲಿ ಎತ್ತರ ಇಟ್ಟುಕೊಳ್ಳಿ: 3½, 4⅜, 5¼, 6⅛ ಇಂಚು. ಮೇಜಿನ ನಕ್ಷೆ ಬರೆಯುವಾಗಲೇ ಇದನ್ನು ನೋಡಿಕೊಳ್ಳಬೇಕು, ಹಲಗೆ ಕೊಯ್ದ ಮೇಲೆ ದಾರಿ ಇಲ್ಲ.

ಪ್ರತಿ ಸಲ ಬೇರೆ ಬೇರೆ ಬರುತ್ತಿದ್ದರೆ

ತಲೆ ಕೆಡಿಸುವ ದೋಷ ಇದೇ. ಮೊದಲು ಬಿಟ್ ನೋಡಿ. ಬಿಟ್‌ನ ಕಡ್ಡಿಯ ಮೇಲೆ, ಕೋಲೆಟ್ ನಟ್‌ನ ಅಂಚಿಗೆ ಸರಿಯಾಗಿ ಮಾರ್ಕರ್‌ನಿಂದ ಒಂದು ಗೆರೆ ಎಳೆಯಿರಿ. ಒಂದು ಮೂಲೆ ಕತ್ತರಿಸಿ, ಪ್ಲಗ್ ಕಿತ್ತು ಮತ್ತೆ ನೋಡಿ. ಗೆರೆಗೂ ನಟ್‌ಗೂ ನಡುವೆ ಹೊಳೆಯುವ ಕಬ್ಬಿಣ ಕೂದಲೆಳೆಯಷ್ಟು ಕಂಡರೂ ಬಿಟ್ ಜಾರಿದೆ. ಹೊರಗೆ ಜಾರಿದರೆ ಆಳ ಜಾಸ್ತಿ, ಆಳ ಜಾಸ್ತಿಯಾದರೆ ಬಿಗಿ. ಹಾಗಾಗಿ ಮೊದಲ ಮೂಲೆ ಚೆನ್ನಾಗಿ ಕೂತು ಆಮೇಲಿನವು ಒಂದಕ್ಕಿಂತ ಒಂದು ಬಿಗಿಯಾಗುತ್ತಾ ಹೋದರೆ ಅನುಮಾನವೇ ಬೇಡ. ಕೋಲೆಟ್ ಬಿಚ್ಚಿ ಒಳಗಿನ ಹುಡಿ, ಅಂಟು ಒರೆಸಿ. ಬಿಟ್ಟನ್ನು ಪೂರ್ತಿ ಒಳಗೆ ಹಾಕಿ 2-3 ಮಿ.ಮೀ. ಹೊರಗೆ ಎಳೆದು ಬಿಗಿಯಿರಿ. ತಳಕ್ಕೆ ತಾಗಿಸಿ ಬಿಗಿದರೆ ಹಿಡಿತ ಸರಿಯಾಗಿ ಕೂರುವುದಿಲ್ಲ. ಇಷ್ಟಾದರೂ ಜಾರಿದರೆ ಕೋಲೆಟ್ ಸವೆದಿದೆ, ಹೊಸದು ಹಾಕಿ.

ಬಿಟ್ ಗಟ್ಟಿ ಇದ್ದರೆ ಬುಷ್ ನೋಡಿ. ಹಿತ್ತಾಳೆ ಬುಷ್‌ನ ಸುತ್ತುನಟ್ ರೌಟರ್ ಅದುರುವಿಕೆಗೆ ಸಡಿಲ ಆಗುತ್ತದೆ, ಬೆರಳಲ್ಲಿ ತಿರುಗಿಸಿದರೆ ಗೊತ್ತಾಗುತ್ತದೆ. ಬುಷ್ ಗಟ್ಟಿ ಇದ್ದರೂ ಬಿಟ್‌ನ ನಡುಮಧ್ಯಕ್ಕೆ ಇಲ್ಲದಿರಬಹುದು. ಆಗ ರೌಟರ್‌ನ ಹಿಡಿ ಒಂದು ಸಲ ಅಡ್ಡ, ಒಂದು ಸಲ ಓರೆ ಹಿಡಿದರೆ ಬಿಟ್ ಬೇರೆ ಬೇರೆ ಜಾಗದಲ್ಲಿ ಓಡುತ್ತದೆ. ಕೋನ್ (ಬುಷ್ ಮಧ್ಯಕ್ಕೆ ತರಲು ಕೋಲೆಟ್‌ಗೆ ಹಾಕುವ ಶಂಕುವಿನಾಕಾರದ ತುಂಡು) ಇಟ್ಟು ಬೇಸ್, ಅಂದರೆ ರೌಟರ್‌ನ ತಳದ ತಟ್ಟೆ, ಮಧ್ಯಕ್ಕೆ ತರುವುದು ಸರಿಯಾದ ದಾರಿ. ಅದಿಲ್ಲದಿದ್ದರೆ ಬೇಸ್ ಮೇಲೆ ಟೇಪ್ ಅಂಟಿಸಿ ಗುರುತು ಮಾಡಿ, ಕೆಲಸ ಮುಗಿಯುವವರೆಗೆ ಆ ಗುರುತು ನಿಮ್ಮ ಹೊಟ್ಟೆಯ ಕಡೆಗೇ ಇರಲಿ.

ಒಂದೇ ಜೋಡಣೆಯಲ್ಲಿ ಎಡ ಬಿಗಿ, ಬಲ ಸಡಿಲ ಬಂದರೆ ಹಲಗೆ ಕಟ್ಟಿದ ರೀತಿ ನೋಡಬೇಕು. ಅಗಲ ಕಡಿಮೆ ಇರುವ ಹಲಗೆಯನ್ನು ಒಂದು ತುದಿಗೆ ಕಟ್ಟಿದಾಗ ಕ್ಲ್ಯಾಂಪ್ ಪಟ್ಟಿ ಓರೆಯಾಗಿ ಒತ್ತುತ್ತದೆ, ಹಲಗೆಯ ಒಂದು ಮೂಲೆ ಸರಿಯುತ್ತದೆ. ಇನ್ನೊಂದು ತುದಿಗೆ ಅದೇ ದಪ್ಪದ ಚೂರೊಂದನ್ನು ಸಿಕ್ಕಿಸಿ, ಪಟ್ಟಿ ನೇರ ಆಗುತ್ತದೆ. ನಿಂತ ಹಲಗೆಯ ಮೇಲಂಚು ಮಲಗಿದ ಹಲಗೆಯ ಮೇಲ್ಮೈಗೆ ಸಮ ಇರಬೇಕು, ಎರಡೂ ಟೆಂಪ್ಲೇಟ್ ತಳಕ್ಕೆ ತಾಗಿರಬೇಕು. ಬಾಗಿದ ಹಲಗೆ ಮಾತ್ರ ಏನು ಮಾಡಿದರೂ ಪೂರ್ತಿ ತಾಗುವುದಿಲ್ಲ. ನಡುವೆ ಒಂದು ಆಳ, ಅಂಚಿಗೆ ಇನ್ನೊಂದು ಆಳ. ಮಳೆಗಾಲದಲ್ಲಿ ಇದು ಜಾಸ್ತಿ. ಪ್ಲೇನರ್‌ನಿಂದ ಬಂದ ಹಲಗೆಗಳನ್ನು ವಾರಗಟ್ಟಲೆ ಒರಗಿಸಿ ಇಡಬೇಡಿ. ಕತ್ತರಿಸಿದ ದಿನವೇ ಜೋಡಿಸಿ ಅಂಟು ಹಾಕುವುದು ಒಳ್ಳೆಯದು.

ಕೆಲವು ಗುಳಿ ಮಾತ್ರ ಗಿಡ್ಡ ಬಂದರೆ ಬುಷ್ ಆ ಸಂದಿಯ ಕೊನೆವರೆಗೆ ಹೋಗಿಲ್ಲ, ಅಷ್ಟೇ. ಕ್ಲ್ಯಾಂಪ್ ಬಿಚ್ಚುವ ಮುಂಚೆ ಬಗ್ಗಿ ಪ್ರತಿ ಗುಳಿಯನ್ನೂ ನೋಡುವ ಅಭ್ಯಾಸ ಮಾಡಿಕೊಳ್ಳಿ. ಬಿಚ್ಚಿದ ಹಲಗೆ ಮತ್ತೆ ಅದೇ ಜಾಗಕ್ಕೆ ಕೂರುವುದಿಲ್ಲ.

ಚಕ್ಕೆ ಏಳುವುದು, ಸುಡುವುದು

ನಿಂತ ಹಲಗೆಯ ನಿಮ್ಮ ಕಡೆಯ ಮುಖದಲ್ಲಿ ಚಕ್ಕೆ ಎದ್ದರೆ, ಮೊದಲು ಬಲದಿಂದ ಎಡಕ್ಕೆ ಒಂದು ಹಗುರ ಕೆರೆತ ಕೊಡಿ, ಬೆರಳುಗಳ ಒಳಗೆ ಹೋಗದೆ. ರೌಟರ್ ಆಗ ಮುಂದಕ್ಕೆ ಓಡಲು ನೋಡುತ್ತದೆ, ಎರಡೂ ಕೈಯಲ್ಲಿ ಹಿಡಿದು ಸ್ವಲ್ಪವೇ ಮರ ತೆಗೆಯಿರಿ. ಆಮೇಲೆ ಎಡದಿಂದ ಬಲಕ್ಕೆ ಒಂದೊಂದೇ ಸಂದಿಗೆ ಹೋಗಿ ಬನ್ನಿ. ಪ್ಲೈವುಡ್‌ನಲ್ಲಿ ಪದರ ಏಳುವುದನ್ನು ಇದೂ ಪೂರ್ತಿ ತಡೆಯುವುದಿಲ್ಲ. ನನ್ನ ಮಾತು ಕೇಳಿದರೆ ಪ್ಲೈಗೆ ಈ ಜೋಡಣೆಯೇ ಬೇಡ.

ಡವ್‌ಟೇಲ್ ಬಿಟ್ಟನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಕತ್ತರಿಸಲು ಆಗುವುದಿಲ್ಲ, ಆಳ ಒಂದೇ ಸಲಕ್ಕೆ ಬರಬೇಕು. ಗಟ್ಟಿ ಮರದಲ್ಲಿ ಇದು ರೌಟರ್‌ಗೆ ಭಾರ. ಅದೇ ಬುಷ್ ಇಟ್ಟುಕೊಂಡು ಮೊದಲು 6 ಮಿ.ಮೀ. ನೇರ ಬಿಟ್‌ನಿಂದ, ಆಳ ಸ್ವಲ್ಪ ಕಡಿಮೆ ಇಟ್ಟು, ನಡುವಿನ ಮರ ತೆಗೆದುಬಿಡಿ. ಡವ್‌ಟೇಲ್ ಬಿಟ್‌ಗೆ ಓರೆಯ ಕೆಲಸ ಮಾತ್ರ ಉಳಿಯುತ್ತದೆ. ಕಪ್ಪು ಸುಟ್ಟ ಗುರುತು ಬಂದರೆ ಬಿಟ್ ಮೊಂಡಾಗಿದೆ, ಇಲ್ಲವೇ ಮರದ ಅಂಟು ಹಿಡಿದಿದೆ, ಇಲ್ಲವೇ ಗುಳಿಯ ಕೊನೆಯಲ್ಲಿ ರೌಟರ್ ನಿಲ್ಲಿಸುತ್ತಿದ್ದೀರಿ. ತೇಗದಲ್ಲಿ ಸಿಲಿಕಾ ಇರುವುದರಿಂದ ಬಿಟ್‌ನ ಮೊನೆ ಬೇಗ ಹೋಗುತ್ತದೆ. ಅದರ ಹುಡಿ ಮೂಗು ಗಂಟಲಿಗೂ ಆಗುವುದಿಲ್ಲ, ಮಾಸ್ಕ್ ಹಾಕಿ. ವೋಲ್ಟೇಜ್ ಇಳಿದು ರೌಟರ್‌ನ ದನಿಯೇ ಬದಲಾದ ಸಂಜೆಗಳಲ್ಲಿ ಈ ಕೆಲಸಕ್ಕೆ ಕೈ ಹಾಕದಿದ್ದರೆ ಒಳ್ಳೆಯದು.

ಸರಿಯಾದ ಹೊಂದಿಕೆ ಸಿಕ್ಕ ದಿನ ಇನ್ನೊಂದು ತುಂಡು ಕತ್ತರಿಸಿ ಇಟ್ಟುಕೊಳ್ಳಿ. ನಿಂತ ಹಲಗೆಯ ಬಾಲಗಳಿರುವ ಒಂದು ಅಂಗೈ ಅಗಲದ ಚೂರು ಸಾಕು. ಮರ ಯಾವುದು, ಹಲಗೆಯ ದಪ್ಪ ಎಷ್ಟು, ಬಿಟ್ ಯಾವುದು ಅಂತ ಅದರ ಮೇಲೇ ಬರೆದು, ತೂತು ಹಾಕಿ ಜಿಗ್‌ಗೇ ಕಟ್ಟಿ. ಮುಂದಿನ ಸಲ ಆ ಚೂರನ್ನು ಜಿಗ್‌ಗೆ ಕಟ್ಟಿ, ಪ್ಲಗ್ ಹಾಕದ ರೌಟರನ್ನು ಟೆಂಪ್ಲೇಟ್ ಮೇಲೆ ಸರಿಸಿ ಕೂರಿಸಿ, ಬಿಟ್‌ನ ತುದಿ ಹಳೇ ಕಡಿತದ ತಳ ಸವರುವವರೆಗೆ ಇಳಿಸಿದರೆ ಮೊದಲ ಪರೀಕ್ಷೆಯೇ ಹತ್ತಿರ ಬರುತ್ತದೆ. ಬಿಟ್‌ಗೆ ಸಾಣೆ ಹಿಡಿಸಿದರೆ ಆ ಚೂರು ಎಸೆದು ಹೊಸದು ಮಾಡಿಕೊಳ್ಳಿ.